ಕಾಲೇಜು ಲೈಬ್ರರಿಗೆ ಕೊಹಾ ಪೋರ್ಟಲ್: ಕನ್ನಡ ಪುಸ್ತಕವೂ ಹುಡುಕಿದರೆ ಸಿಗುವಂತೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಲೈಬ್ರರಿ ನಡೆಸಲು ಇರುವ ಉಚಿತ ತಂತ್ರಾಂಶ ಕೊಹಾ ಹಾಕಿ ಆಯ್ತು, ಪೋರ್ಟಲ್ ಉದ್ಘಾಟನೆಯೂ ಆಯ್ತು. ಆದರೆ ವಿದ್ಯಾರ್ಥಿ ಮೊಬೈಲಿನಲ್ಲಿ ‘ಕರ್ನಾಟಕ’ ಅಂತ ಕನ್ನಡದಲ್ಲಿ ಹುಡುಕಿದರೆ ಫಲಿತಾಂಶ ಸೊನ್ನೆ. ಅದೇ ಹೊತ್ತಿಗೆ ಒಳಗಿನ ಕಪಾಟಿನಲ್ಲಿ ಕರ್ನಾಟಕದ ಮೇಲಿನ ಪುಸ್ತಕಗಳು ಸಾಲುಗಟ್ಟಿ ನಿಂತಿರುತ್ತವೆ. ಪದವಿ ಕಾಲೇಜುಗಳ ಗ್ರಂಥಪಾಲಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ: ಇಂಗ್ಲಿಷ್ ಪುಸ್ತಕ ಸಿಗುತ್ತೆ, ಕನ್ನಡದ್ದು ಯಾಕೆ ಸಿಗಲ್ಲ?

ಹೆಚ್ಚಿನ ಸಲ ಎಡವಟ್ಟು ಆಗಿರುವುದು ಕೆಲಸದ ಕ್ರಮದಲ್ಲಿ. ಮೊದಲು ಮುಖಪುಟಕ್ಕೆ ಬಣ್ಣ, ಪ್ರಾಂಶುಪಾಲರ ಫೋಟೋ, ಓಡಾಡುವ ಚಿತ್ರಗಳು. ಆಮೇಲೆ ಇದ್ದಬದ್ದ ಎಕ್ಸೆಲ್ ಫೈಲನ್ನೆಲ್ಲ ಒಂದೇ ಏಟಿಗೆ ಒಳಗೆ ತುಂಬುವುದು. ಹುಡುಕಿ ನೋಡುವುದು ಉದ್ಘಾಟನೆಯ ಮರುದಿನ! ಇಲ್ಲಿ ಅದನ್ನು ಉಲ್ಟಾ ಮಾಡಿದ್ದೇನೆ. ಮೊದಲು ಹುಡುಕಾಟ, ಆಮೇಲೆ ಪುಸ್ತಕಗಳ ವಿವರ, ಎಲ್ಲಕ್ಕಿಂತ ಕೊನೆಗೆ ಅಂದಚಂದ.

ನಿಮ್ಮಲ್ಲಿ ಕೊಹಾ ಆಗಲೇ ಓಡುತ್ತಿದ್ದು ಕನ್ನಡ ಮಾತ್ರ ಕೈಕೊಡುತ್ತಿದ್ದರೆ ನೇರವಾಗಿ ಹಂತ 3ಕ್ಕೆ ಹೋಗಬಹುದು.

## ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಅಕ್ಸೆಷನ್ ರಿಜಿಸ್ಟರ್, ಅಂದರೆ ಬಂದ ಒಂದೊಂದು ಪುಸ್ತಕಕ್ಕೂ ನಂಬರ್ ಕೊಟ್ಟು ಬರೆದಿಡುವ ದಾಖಲೆ ಪುಸ್ತಕ ಬೇಕು, ಕಾಗದದ್ದು. ಎಕ್ಸೆಲ್ ಇದ್ದರೂ ರಿಜಿಸ್ಟರ್ ಪಕ್ಕದಲ್ಲಿರಲಿ. ಅನುಮಾನ ಬಂದಾಗ ಕೊನೆಯ ಮಾತು ಅದರದ್ದೇ.

ತಂತ್ರಾಂಶಗಳು ನಾಲ್ಕು ಸಾಕು, ನಾಲ್ಕೂ ಉಚಿತ. ಕೊಹಾ, ಅದು ಓಡಲು ಡೆಬಿಯನ್ ಅಥವಾ ಉಬುಂಟು, ಪಟ್ಟಿ ಶುದ್ಧ ಮಾಡಲು ಲಿಬ್ರೆ ಆಫೀಸ್ ಕ್ಯಾಲ್ಕ್, ಪಟ್ಟಿಯನ್ನು ಮಾರ್ಕ್ 21 (ಪುಸ್ತಕದ ವಿವರವನ್ನು ಕಂಪ್ಯೂಟರಿಗೆ ಕೊಡಲು ಗ್ರಂಥಾಲಯಗಳು ಬಳಸುವ ನಿಗದಿತ ಮಾದರಿ) ರೂಪಕ್ಕೆ ತರಲು ಮಾರ್ಕ್‌ಎಡಿಟ್. ಎಕ್ಸೆಲ್ ಬದಲು ಕ್ಯಾಲ್ಕ್ ಯಾಕೆ? ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಫೈಲ್ ತೆರೆಯುವಾಗ ಅಕ್ಷರ ಸಂಕೇತ ಯಾವುದು ಅಂತ ಕ್ಯಾಲ್ಕ್ ಕೇಳುತ್ತದೆ. ಎಕ್ಸೆಲ್‌ನಲ್ಲಿ ಫೈಲಿನ ಮೇಲೆ ಸುಮ್ನೆ ಡಬಲ್ ಕ್ಲಿಕ್ ಮಾಡಿದರೆ ಅದು ಕೇಳದೇ ಊಹಿಸುತ್ತದೆ, ಕನ್ನಡದ ಮಟ್ಟಿಗೆ ಆ ಊಹೆ ಎಷ್ಟೋ ಸಲ ತಪ್ಪುತ್ತದೆ.

ಇನ್ನೊಂದು ಬೇಕಾದದ್ದು ಜನ. ಲಿನಕ್ಸ್ ಗೊತ್ತಿರುವ ಒಬ್ಬರು, ಕನ್ನಡ ಕಾಗುಣಿತ ಗಟ್ಟಿಯಿರುವ ಒಬ್ಬರು. ಎರಡನೆಯವರನ್ನು ಬಹಳ ಕಾಲೇಜುಗಳು ಮರೆತುಬಿಡುತ್ತವೆ. ಕನ್ನಡ ವಿಭಾಗದ ಮೇಷ್ಟ್ರನ್ನು ಈಗಲೇ ಕೇಳಿಕೊಳ್ಳಿ.

## ಹಂತ 1: ಸಂಕೇತಗಳನ್ನು ಕಾಗದದ ಮೇಲೆ ತೀರ್ಮಾನಿಸಿ

ಕೊಹಾಗೆ ಪುಸ್ತಕದ ಒಂದೊಂದು ಪ್ರತಿಯ ಬಗ್ಗೆಯೂ ಕೆಲವು ಸಂಕೇತ ಬೇಕು: ಯಾವ ಗ್ರಂಥಾಲಯ, ಯಾವ ಬಗೆಯ ಪುಸ್ತಕ, ಯಾವ ಜಾಗ. ಗ್ರಂಥಾಲಯಕ್ಕೆ ಒಂದು ಚಿಕ್ಕ ಸಂಕೇತ. ಬಗೆಗೆ ಮೂರೋ ನಾಲ್ಕೋ: ಸಾಲ ಕೊಡುವ ಪುಸ್ತಕ, ರೆಫರೆನ್ಸ್, ಪಠ್ಯಪುಸ್ತಕ, ನಿಯತಕಾಲಿಕ. ಸಂಕೇತಗಳನ್ನು ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ.

‘ಕನ್ನಡ ಪುಸ್ತಕ’, ‘ಇಂಗ್ಲಿಷ್ ಪುಸ್ತಕ’ ಅಂತ ಬಗೆಗಳನ್ನು ಮಾಡಬೇಡಿ. ಭಾಷೆಯನ್ನು ಹೇಳಲು ಮಾರ್ಕ್‌ನಲ್ಲಿ ಬೇರೆ ಜಾಗವೇ ಇದೆ. ಬಗೆ ಎನ್ನುವುದು ಸಾಲದ ನಿಯಮಕ್ಕೆ: ಎಷ್ಟು ದಿನ, ಎಷ್ಟು ದಂಡ. ಸಾಲದ ನಿಯಮ ಒಂದೇ ಆಗಿದ್ದರೆ ಬಗೆಯೂ ಒಂದೇ.

ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಮುಂದೆ ಎಕ್ಸೆಲ್‌ನಲ್ಲಿ ಹಾಕುವ ಸಂಕೇತಕ್ಕೂ ಕೊಹಾದಲ್ಲಿರುವ ಸಂಕೇತಕ್ಕೂ ಒಂದಕ್ಷರ ವ್ಯತ್ಯಾಸ ಬಂದರೂ ಆ ಪ್ರತಿಗಳು ಅಬ್ಬೇಪಾರಿಗಳಾಗುತ್ತವೆ.

## ಹಂತ 2: ಸರ್ವರ್ ಮತ್ತು ಕೊಹಾ

ಈ ಹಂತವನ್ನು ಲಿನಕ್ಸ್ ಗೊತ್ತಿರುವವರಿಗೆ ಬಿಡಿ. ಅವರಿಂದ ನೀವು ಕೇಳಿ ಪಡೆಯಬೇಕಾದದ್ದು ಇಷ್ಟು.

ಕೊಹಾ ಸಮುದಾಯದ ಡೆಬಿಯನ್ ಪ್ಯಾಕೇಜ್‌ನಿಂದಲೇ ಹಾಕಲಿ. ಯಾರೋ ಮಾಡಿಟ್ಟ ರೆಡಿಮೇಡ್ ಡಿವಿಡಿ ಬೇಡ. ಪ್ಯಾಕೇಜ್ ಆದರೆ ಹೊಸ ಆವೃತ್ತಿ ಬಂದಾಗ ಏರಿಸುವುದು ಸಲೀಸು. ವೆಬ್ ಇನ್‌ಸ್ಟಾಲರ್ ‘ಯಾವ ಮಾರ್ಕ್’ ಎಂದು ಕೇಳಿದಾಗ ಮಾರ್ಕ್ 21 ಎಂದೇ ಕೊಡಲಿ. ಇದನ್ನು ಆಮೇಲೆ ಬದಲಾಯಿಸುವುದು ಅಂದರೆ ಮತ್ತೆ ಮೊದಲಿನಿಂದ ಶುರು ಅಂತಲೇ ಲೆಕ್ಕ.

ಸಾರ್ವಜನಿಕರು ನೋಡುವ ಭಾಗಕ್ಕೆ ಓಪ್ಯಾಕ್ ಅನ್ನುತ್ತಾರೆ, ಸಿಬ್ಬಂದಿಯದ್ದು ಬೇರೆ. ಎರಡಕ್ಕೂ ಬೇರೆ ಬೇರೆ ವಿಳಾಸ ಇರಲಿ. ಕಾಲೇಜಿಗೆ ಎಸಿ ಡಾಟ್ ಇನ್ (ಶಿಕ್ಷಣ ಸಂಸ್ಥೆಗಳ ವೆಬ್) ವಿಳಾಸ ಇದ್ದರೆ ಅದರಡಿಯಲ್ಲೇ ಲೈಬ್ರರಿಗೆ ಉಪವಿಳಾಸ ಮಾಡಿಸಿ. ಇಲ್ಲದಿದ್ದರೆ ಅದನ್ನು ಕೊಡುವುದು ಅರ್ನೆಟ್ ಇಂಡಿಯಾ. ಕಾಲೇಜಿನ ಹೆಸರಿನಲ್ಲೇ ಅರ್ಜಿ ಹೋಗಬೇಕು. ಗುತ್ತಿಗೆಯವರ ಸ್ವಂತ ಹೆಸರಿನಲ್ಲಿ ವಿಳಾಸ ಕೊಳ್ಳಲು ಬಿಡಬೇಡಿ. ಅವರು ಊರು ಬಿಟ್ಟ ದಿನ ನಿಮ್ಮ ಪೋರ್ಟಲ್ಲೂ ಹೋಗುತ್ತದೆ.

ಕನ್ನಡ ಇಂಟರ್‌ಫೇಸ್ ಬೇಕೆಂದರೆ ಕೊಹಾದ ಕನ್ನಡ ಭಾಷಾ ಪ್ಯಾಕ್ ಹಾಕಿಸಿ, ಸಿಸ್ಟಮ್ ಪ್ರಿಫರೆನ್ಸಸ್‌ನಲ್ಲಿ (ಕೊಹಾದ ಸೆಟ್ಟಿಂಗ್ ಪುಟ) ಓಪ್ಯಾಕ್‌ಗೆ ಎರಡೂ ಭಾಷೆ ಆನ್ ಮಾಡಿ. ಕೆಲವು ಕಡೆ ಇಂಗ್ಲಿಷ್ ಹಾಗೇ ಉಳಿಯುತ್ತದೆ, ಗಾಬರಿ ಬೇಡ. ಗುಂಡಿಗಳ ಮೇಲಿನ ಭಾಷೆಗೂ ಪುಸ್ತಕ ಸಿಗುವುದಕ್ಕೂ ಸಂಬಂಧ ಇಲ್ಲ. ಈ ಎರಡನ್ನು ಒಂದೇ ಅಂದುಕೊಂಡವರು ಭಾಷಾ ಪ್ಯಾಕನ್ನು ಮತ್ತೆ ಮತ್ತೆ ಹಾಕುತ್ತಾ ಕೂರುತ್ತಾರೆ.

## ಹಂತ 3: ಒಂದು ಪುಸ್ತಕ ತುಂಬುವ ಮುನ್ನ ಇಂಡೆಕ್ಸ್ ಸರಿಮಾಡಿ

ಕನ್ನಡ ಹುಡುಕಾಟ ಗೆಲ್ಲುವುದೂ ಸೋಲುವುದೂ ಇಲ್ಲೇ.

ಸಾಮಾನ್ಯವಾಗಿ ಕೊಹಾದಲ್ಲಿ ಹುಡುಕುವ ಕೆಲಸ ಝೀಬ್ರಾ ಎಂಬ ಇಂಡೆಕ್ಸರ್‌ನದ್ದು. ಯಾವ ಪದ ಯಾವ ದಾಖಲೆಯಲ್ಲಿದೆ ಎಂಬ ಸೂಚಿಯನ್ನು, ಅಂದರೆ ಇಂಡೆಕ್ಸನ್ನು, ಅದು ಮೊದಲೇ ಕಟ್ಟಿಡುತ್ತದೆ. ಬೇರೆ ಏನೂ ಹೇಳದಿದ್ದರೆ ಅದು ಸಿಎಚ್‌ಆರ್ ಎಂಬ ಅಕ್ಷರ ಪಟ್ಟಿಯನ್ನು ಇಟ್ಟುಕೊಂಡು ಪದ ಬಿಡಿಸುತ್ತದೆ. ಇಂಗ್ಲಿಷ್, ಫ್ರೆಂಚ್‌ಗೆ ಅದು ಸಾಕು. ಕನ್ನಡದ ಗುಣಿತ, ಒತ್ತಕ್ಷರಗಳಿಗೆ ಸಾಲದು. ಇದರ ಬದಲು ಐಸಿಯು ಎಂಬ ವ್ಯವಸ್ಥೆ ಬಳಸಬೇಕು, ಅದಕ್ಕೆ ಯೂನಿಕೋಡ್‌ನ ಎಲ್ಲ ಲಿಪಿಗಳೂ ಗೊತ್ತು.

ಮಾಡಬೇಕಾದ್ದು ಈ ಕ್ರಮದಲ್ಲಿ. ಝೀಬ್ರಾದ ಡೀಫಾಲ್ಟ್ ಇಂಡೆಕ್ಸ್ ಕಡತದಲ್ಲಿ ಪದಗಳಿಗೆ ಮತ್ತು ಪದಗುಚ್ಛಗಳಿಗೆ ಇರುವ ಸಿಎಚ್‌ಆರ್ ಸಾಲುಗಳನ್ನು ಐಸಿಯು ಸಾಲುಗಳಿಗೆ ಬದಲಿಸಿ. ಝೀಬ್ರಾವನ್ನು ಮರುಚಾಲನೆ ಮಾಡಿ. ಆಮೇಲೆ ಪೂರ್ತಿ ರೀಇಂಡೆಕ್ಸ್. ಈ ಕೊನೆಯದನ್ನು ಬಿಟ್ಟರೆ ಕಡತ ತಿದ್ದಿದ್ದು ವ್ಯರ್ಥ, ಹಳೆಯ ಇಂಡೆಕ್ಸೇ ಮುಂದುವರಿಯುತ್ತದೆ. ಜೊತೆಗೆ ಸಿಸ್ಟಮ್ ಪ್ರಿಫರೆನ್ಸಸ್‌ನಲ್ಲಿ ‘ಯೂಸ್ ಐಸಿಯು ಸ್ಟೈಲ್ ಕೋಟ್ಸ್’ ಆನ್ ಮಾಡಿ. ಇಲ್ಲದಿದ್ದರೆ ವಿಷಯದ ಹೆಸರಿನ ಮೇಲೆ ಕ್ಲಿಕ್ ಮಾಡಿದಾಗ ಪುಸ್ತಕಗಳು ಬರದೆ ಹೋಗಬಹುದು.

ಇನ್ನು ಮೂರು ಪ್ರಿಫರೆನ್ಸ್. ‘ಕ್ವೆರಿ ಆಟೋ ಟ್ರಂಕೇಟ್’ ಆನ್ ಇರಲಿ, ಹೊಡೆದ ಪದದಿಂದ ಶುರುವಾಗುವ ಪದಗಳನ್ನೂ ಅದು ಹುಡುಕುತ್ತದೆ. ಕನ್ನಡದಲ್ಲಿ ವಿಭಕ್ತಿ ಪದದ ಕೊನೆಗೇ ಅಂಟುತ್ತದೆ ಅಲ್ವಾ? ವಿದ್ಯಾರ್ಥಿ ‘ಕರ್ನಾಟಕ’ ಎಂದು ಹೊಡೆದರೆ ‘ಕರ್ನಾಟಕದ ಇತಿಹಾಸ’ವೂ ಬರಬೇಕಾದರೆ ಇದು ಬೇಕೇ ಬೇಕು. ‘ಕ್ವೆರಿ ಸ್ಟೆಮಿಂಗ್’ (ಪದದ ಮೂಲರೂಪ ಹಿಡಿದು ಹುಡುಕುವುದು) ಮತ್ತು ‘ಕ್ವೆರಿ ಫಜಿ’ (ಹತ್ತಿರದ ಕಾಗುಣಿತವನ್ನೂ ಹುಡುಕುವುದು) ಆಫ್ ಮಾಡಿ, ಕನ್ನಡಕ್ಕೆ ಅವುಗಳಿಂದ ಉಪಯೋಗ ಇಲ್ಲ.

ಈಗ ಯೂನಿಕೋಡ್ ಕೀಲಿಮಣೆಯಲ್ಲಿ ಹತ್ತು ಕನ್ನಡ ಪುಸ್ತಕಗಳನ್ನು ಕೈಯಾರೆ ದಾಖಲಿಸಿ. ಗುಣಿತ, ಒತ್ತಕ್ಷರ, ಅರ್ಕಾವತ್ತು, ಅನುಸ್ವಾರ ಎಲ್ಲ ಬರುವ ಹೆಸರುಗಳನ್ನೇ ಆರಿಸಿ. ಇಂಡೆಕ್ಸ್ ಆಗಲು ಒಂದೆರಡು ನಿಮಿಷ ಬಿಟ್ಟು ಓಪ್ಯಾಕ್‌ನಲ್ಲಿ ಹುಡುಕಿ.

ಎಚ್ಚರಿಕೆಯ ಸೂಚನೆ ಎರಡು. ‘ಗಡ’ ಎಂದು ಹುಡುಕಿದರೆ ‘ಗಿಡ’ವೂ ಬರುತ್ತಿದ್ದರೆ ಐಸಿಯು ಕಡತದಲ್ಲಿ ಉಚ್ಚಾರ ಚಿಹ್ನೆ ಕಿತ್ತುಹಾಕುವ ನಿಯಮ ಇದೆ ಎಂದರ್ಥ. ಫ್ರೆಂಚ್ ಅಕ್ಷರಗಳ ಮೇಲಿನ ಗೀಟು ತೆಗೆಯಲು ಇರುವ ಆ ನಿಯಮ ನಮ್ಮ ಗುಡಿಸನ್ನೂ ಗೀಟು ಎಂದೇ ತಿಳಿದು ತೆಗೆಯುತ್ತದೆ. ಲಿನಕ್ಸ್‌ನವರಿಗೆ ಹೇಳಿ ಆ ಸಾಲು ತೆಗೆಸಿ. ಎರಡನೆಯದು, ‘ಸಾಫ್ಟ್‌ವೇರ್’ ತರಹದ ಪದಗಳು. ಇಲ್ಲಿ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಗುರುತು ಇದೆ. ಹುಡುಕುವವರು ಅದನ್ನು ಹಾಕದೆ ‘ಸಾಫ್ಟ್ವೇರ್’ ಎಂದು ಹೊಡೆದರೆ ಎರಡೂ ಬೇರೆ ಪದ ಆಗಿಬಿಡುತ್ತವೆ. ಶೀರ್ಷಿಕೆಯಲ್ಲಿ ಆ ಗುರುತು ಇರಲಿ, ನೋಡಲು ಅದೇ ಚಂದ. ಇಂಡೆಕ್ಸ್ ಆಗುವಾಗ ಮಾತ್ರ ಅದನ್ನು ತೆಗೆಯುವಂತೆ ಐಸಿಯು ಕಡತದಲ್ಲಿ ನಿಯಮ ಸೇರಿಸಿ.

ಈ ಹತ್ತು ಪುಸ್ತಕಗಳು ಸರಿಯಾಗಿ ಸಿಗುವವರೆಗೆ ಮುಂದೆ ಹೋಗಬೇಡಿ.

## ಹಂತ 4: ಪಟ್ಟಿ ಶುದ್ಧ ಮಾಡುವುದು

ಹೆಚ್ಚು ಸಮಯ ತಿನ್ನುವ ಹಂತ ಇದು. ಬೇಸರವೂ ಇಲ್ಲೇ ಜಾಸ್ತಿ.

### ಹಳೆಯ ಫಾಂಟಿನ ಕನ್ನಡ

ನಿಮ್ಮ ಎಕ್ಸೆಲ್ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾದರೆ ಅದು ನೋಡಲು ಮಾತ್ರ ಕನ್ನಡ. ಪರೀಕ್ಷೆ ಸುಲಭ. ಒಂದು ಕೋಶವನ್ನು ಆರಿಸಿ ಫಾಂಟ್ ಅನ್ನು ಏರಿಯಲ್ ಮಾಡಿ. ಕನ್ನಡವೇ ಉಳಿದರೆ ಯೂನಿಕೋಡ್. ‘ಕನ್ನಡ’ ಎಂದಿದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ಮೇಲೆ ಗೀಟಿರುವ ಎ, ಪೌಂಡ್ ಗುರುತು ಹೀಗೆ ಚಿತ್ರವಿಚಿತ್ರ ಬಂದರೆ ಹಳೆಯ ಫಾಂಟ್. ಇದನ್ನು ಹಾಗೇ ಕೊಹಾಗೆ ಹಾಕಿದರೆ ಪರದೆ ಮೇಲೂ ಅದೇ ಪೌಂಡ್ ಗುರುತು.

ನುಡಿ, ಬರಹ ಎರಡರಲ್ಲೂ ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಇದೆ. ಇಡೀ ಹಾಳೆಯನ್ನು ಒಟ್ಟಿಗೆ ಕೊಡಬೇಡಿ. ಪರಿವರ್ತಕಕ್ಕೆ ಇಂಗ್ಲಿಷ್ ಯಾವುದು, ಹಳೆಯ ಫಾಂಟಿನ ಕನ್ನಡ ಯಾವುದು ಅಂತ ಗೊತ್ತಾಗದು, ಎರಡೂ ಅದರ ಪಾಲಿಗೆ ಒಂದೇ. ಇಂಗ್ಲಿಷ್ ಪುಸ್ತಕದ ಸಾಲುಗಳನ್ನು ಬೇರೆ ಹಾಳೆಗೆ ಹಾಕಿ. ಕನ್ನಡದ ಸಾಲುಗಳಲ್ಲೂ ಶೀರ್ಷಿಕೆ, ಲೇಖಕ, ಪ್ರಕಾಶಕ ಈ ಮೂರು ಕಾಲಂ ಮಾತ್ರ ಪರಿವರ್ತಿಸಿ. ಅಕ್ಸೆಷನ್ ನಂಬರ್, ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ), ಬೆಲೆ ಮುಟ್ಟಬೇಡಿ.

ಪರಿವರ್ತನೆ ಆದ ಮೇಲೆ ಮೊದಲು ನೋಡಬೇಕಾದದ್ದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಮುಂದಿನ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಪರಿವರ್ತಕ ಇದನ್ನು ತಿರುಗಿಸಲು ಮರೆತರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಕನ್ನಡ ಮೇಷ್ಟ್ರು ಬೇಕು ಅಂದಿದ್ದು ಇದಕ್ಕೇ.

### ವೇಷ ಹಾಕಿದ ಅಕ್ಷರಗಳು

ಯೂನಿಕೋಡ್‌ನಲ್ಲೇ ಟೈಪ್ ಮಾಡಿದ ಪಟ್ಟಿಯಲ್ಲೂ ಮೂರು ವೇಷಧಾರಿಗಳು ಇರುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ: ‘ಬೆ೦ಗಳೂರು’. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು: ‘ಕನಾ೯ಟಕ’. ವಿಸರ್ಗದ ಜಾಗದಲ್ಲಿ ಕೋಲನ್: ‘ದು:ಖ’. ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಕಂಪ್ಯೂಟರಿಗೆ ‘ಬೆ೦ಗಳೂರು’ ಅಂದರೆ ಬೆ, ಆಮೇಲೆ ಒಂದು ಅಂಕಿ, ಆಮೇಲೆ ಗಳೂರು.

ಕ್ಯಾಲ್ಕ್‌ನಲ್ಲಿ ಹುಡುಕಿ ಬದಲಿಸಿ, ಆದರೆ ‘ಎಲ್ಲವನ್ನೂ ಬದಲಿಸು’ ಗುಂಡಿ ಒತ್ತುವ ಮುನ್ನ ಯೋಚಿಸಿ. ಶೀರ್ಷಿಕೆಯಲ್ಲಿ ‘೧೯೯೦’ ಎಂಬ ನಿಜವಾದ ಇಸವಿ ಇದ್ದರೆ ಅದರ ಸೊನ್ನೆಯೂ ಅನುಸ್ವಾರ ಆಗಿಬಿಡುತ್ತದೆ. ಸೊನ್ನೆಯ ಹಿಂದೆ ಅಂಕಿ ಇದೆಯೋ ಅಕ್ಷರ ಇದೆಯೋ ನೋಡಿ. ಅಕ್ಷರ ಇದ್ದರೆ ಬದಲಿಸಿ. ಅರ್ಕಾವತ್ತಿನದ್ದು ಇನ್ನೂ ಕಷ್ಟ. ಬರೀ ಗುರುತು ಬದಲಿಸಿದರೆ ಸಾಲದು, ಜಾಗವೂ ಬದಲಾಗಬೇಕು. ಒಂಬತ್ತು ಇರುವ ಸಾಲುಗಳನ್ನು ಫಿಲ್ಟರ್ ಮಾಡಿ ಒಂದೊಂದಾಗಿ ತಿದ್ದುವುದೇ ವಾಸಿ.

### ಎಕ್ಸೆಲ್ ಮಾಡುವ ಉಪಕಾರಗಳು

ಎಕ್ಸೆಲ್‌ಗೆ ಅತಿಬುದ್ಧಿ ಜಾಸ್ತಿ. ‘00123’ ಎಂಬ ಅಕ್ಸೆಷನ್ ನಂಬರನ್ನು 123 ಮಾಡುತ್ತದೆ. 13 ಅಂಕಿಯ ಐಎಸ್‌ಬಿಎನ್ ಅನ್ನು ‘9.78ಇ+12’ ತರಹ ಕುಗ್ಗಿಸಿ ತೋರಿಸುತ್ತದೆ, ಸಿಎಸ್‌ವಿ ಆಗಿ ಉಳಿಸಿದಾಗ ನಿಜವಾದ ಅಂಕಿಗಳೇ ಹೋಗಿಬಿಡುತ್ತವೆ. ಈ ಕಾಲಂಗಳನ್ನೆಲ್ಲ ‘ಟೆಕ್ಸ್ಟ್’ ಎಂದು ಮೊದಲೇ ಬದಲಿಸಿ. ದಿನಾಂಕ ಕೊಹಾಗೆ ಬೇಕಾದದ್ದು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, ನಡುವೆ ಅಡ್ಡಗೆರೆ: 2019-07-05. ನಮ್ಮ ರಿಜಿಸ್ಟರಿನ 05/07/2019 ಹಾಗೇ ಹೋದರೆ ಅದು ಜುಲೈಯೋ ಮೇ ತಿಂಗಳೋ ಹೇಳುವವರು ಇರುವುದಿಲ್ಲ.

ಉಳಿಸುವಾಗ ‘ಯುಟಿಎಫ್-8’ ಇರುವ ಸಿಎಸ್‌ವಿ ಆಯ್ಕೆಯನ್ನೇ ಒತ್ತಿ. ಬರೀ ‘ಸಿಎಸ್‌ವಿ’ ಒತ್ತಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಅದನ್ನು ಹಿಂದಕ್ಕೆ ತರಲು ಯಾವ ತಂತ್ರಾಂಶಕ್ಕೂ ಆಗದು. ಆದ್ದರಿಂದ ಮೂಲ ಎಕ್ಸೆಲ್ ಫೈಲನ್ನು ಬೇರೆ ಹೆಸರಲ್ಲಿ ಇಟ್ಟುಕೊಂಡೇ ಕೆಲಸ ಮಾಡಿ.

ಕೊನೆಯದಾಗಿ ಅಕ್ಸೆಷನ್ ನಂಬರ್ ಎರಡೆರಡು ಸಲ ಬಂದಿದೆಯಾ ನೋಡಿ. ಹಳೆಯ ರಿಜಿಸ್ಟರುಗಳಲ್ಲಿ ಇದು ಇದ್ದೇ ಇರುತ್ತದೆ. ಅಕ್ಸೆಷನ್ ನಂಬರನ್ನೇ ಬಾರ್‌ಕೋಡ್ ಮಾಡುವುದರಿಂದ ಇದು ಮುಖ್ಯ. ಕೊಹಾದಲ್ಲಿ ಒಂದು ಬಾರ್‌ಕೋಡ್ ಒಂದೇ ಪ್ರತಿಗೆ, ಎರಡನೆಯದನ್ನು ಅದು ಒಳಗೆ ಬಿಡುವುದಿಲ್ಲ.

## ಹಂತ 5: ಮಾರ್ಕ್ ರೂಪಕ್ಕೆ ತರುವುದು

ಮಾರ್ಕ್‌ಎಡಿಟ್‌ನಲ್ಲಿ ‘ಡಿಲಿಮಿಟೆಡ್ ಟೆಕ್ಸ್ಟ್ ಟ್ರಾನ್ಸ್‌ಲೇಟರ್’ ತೆರೆಯಿರಿ. ಯಾವ ಕಾಲಂ ಯಾವ ಟ್ಯಾಗ್‌ಗೆ ಎಂದು ಹೇಳುವುದಷ್ಟೇ ಇಲ್ಲಿನ ಕೆಲಸ. ಟ್ಯಾಗ್ ಅಂದರೆ ಮಾರ್ಕ್‌ನಲ್ಲಿ ಒಂದೊಂದು ವಿವರಕ್ಕೂ ಇರುವ ಮೂರಂಕಿಯ ಖಾನೆ, ಅದರೊಳಗಿನ ಚಿಕ್ಕ ಖಾನೆ ಸಬ್‌ಫೀಲ್ಡ್.

ಶೀರ್ಷಿಕೆ 245ರ ಎ ಸಬ್‌ಫೀಲ್ಡ್‌ಗೆ, ಉಪಶೀರ್ಷಿಕೆ ಅದೇ 245ರ ಬಿಗೆ. ಲೇಖಕ 100ರ ಎಗೆ. ಪ್ರಕಟಣೆಯ ಊರು, ಪ್ರಕಾಶಕ, ವರ್ಷ 260ರ ಎ, ಬಿ, ಸಿಗೆ. ಐಎಸ್‌ಬಿಎನ್ 020ಕ್ಕೆ, ಡ್ಯೂಯಿ (ವಿಷಯ ವರ್ಗೀಕರಣದ) ಸಂಖ್ಯೆ 082ಕ್ಕೆ, ವಿಷಯ 650ಕ್ಕೆ. ಭಾಷೆ 041ರ ಎಗೆ: ಕೆ, ಎ, ಎನ್ ಎಂಬ ಮೂರು ಸಣ್ಣ ಇಂಗ್ಲಿಷ್ ಅಕ್ಷರ. ಇದಿದ್ದರೆ ‘ಕನ್ನಡ ಪುಸ್ತಕ ಮಾತ್ರ ತೋರಿಸು’ ಎಂದು ಸೋಸಲು ಬರುತ್ತದೆ. ಪುಸ್ತಕದ ಬಗೆ 942ರ ಸಿಗೆ.

ಪ್ರತಿಯ ವಿವರವೆಲ್ಲ 952ಕ್ಕೆ. ಅದರ ಎ ಮತ್ತು ಬಿ ಗ್ರಂಥಾಲಯದ ಸಂಕೇತ, ಎರಡೂ ಕಡ್ಡಾಯ. ಪಿ ಬಾರ್‌ಕೋಡ್, ಒ ಕಾಲ್ ನಂಬರ್, ವೈ ಬಗೆ, ಡಿ ಕೊಂಡ ದಿನಾಂಕ, ಜಿ ಬೆಲೆ. ಜನ ಹೆಚ್ಚಾಗಿ ಮರೆಯುವುದು ಬಿ. ಪ್ರತಿ ಯಾರದ್ದು ಎನ್ನುವುದು ಎ, ಈಗ ಎಲ್ಲಿದೆ ಎನ್ನುವುದು ಬಿ. ಒಂದೇ ಲೈಬ್ರರಿ ಇದ್ದರೂ ಎರಡೂ ತುಂಬಬೇಕು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವ ವಿದ್ಯಾರ್ಥಿಗಳು ಬಹಳ. ಅವರಿಗಾಗಿ ಶೀರ್ಷಿಕೆಯ ಇಂಗ್ಲಿಷ್ ಲಿಪಿಯ ರೂಪವನ್ನು 246ರ ಎಗೆ ಹಾಕಿ. ಶಾಸ್ತ್ರದ ಪ್ರಕಾರ ಎರಡು ಲಿಪಿಯ ಜೋಡಣೆಗೆ 880 ಎಂಬ ಟ್ಯಾಗ್ ಇದೆ. ಒಬ್ಬರೋ ಇಬ್ಬರೋ ಸಿಬ್ಬಂದಿ ಇರುವ ಕಾಲೇಜಿಗೆ ಅದು ಹೊರೆ, 246 ಸಾಕು ಅನ್ನುವುದು ನನ್ನ ಅಭಿಪ್ರಾಯ. ತಲೆಯ ಮೇಲೆ ಗೀಟೆಳೆಯುವ ಪಂಡಿತರ ಲಿಪ್ಯಂತರ ಬೇಡ, ಮೊಬೈಲಿನಲ್ಲಿ ಹುಡುಗರು ಹೊಡೆಯುವ ಹಾಗೇ ಇರಲಿ.

ಯುಟಿಎಫ್-8 ಎಂಬ ಗುರುತು ಹಾಕದೆ ಮುಂದೆ ಹೋಗಬೇಡಿ. ಅದನ್ನು ಹಾಕಿದರೆ ದಾಖಲೆಯ ಲೀಡರಿನ (ಮಾರ್ಕ್ ದಾಖಲೆಯ ಮೊದಲ ಭಾಗ) 9ನೇ ಸ್ಥಾನದಲ್ಲಿ ‘ಎ’ ಬೀಳುತ್ತದೆ, ‘ಇದು ಯೂನಿಕೋಡ್’ ಎಂದು ಕೊಹಾಗೆ ತಿಳಿಯುವುದು ಅದರಿಂದಲೇ.

ಹಳೆಯ ಲೈಬ್ರರಿ ತಂತ್ರಾಂಶದಿಂದ ಬರುತ್ತಿದ್ದರೆ, ಅದು ದಾಖಲೆಗಳನ್ನು ಐಎಸ್‌ಒ 2709 ಎಂಬ ವಿನಿಮಯ ರೂಪದಲ್ಲಿ ಕೊಡುತ್ತದೆಯೇ ನೋಡಿ. ಕೊಟ್ಟರೂ ಹಂತ 4ರ ಶುದ್ಧೀಕರಣ ತಪ್ಪುವುದಿಲ್ಲ. ಮಾರ್ಕ್‌ಎಡಿಟ್‌ನಲ್ಲಿ ತೆರೆದು ಅಲ್ಲೇ ತಿದ್ದಬಹುದು.

## ಹಂತ 6: ಎರಡು ಸುತ್ತಿನಲ್ಲಿ ಒಳಗೆ ತನ್ನಿ

ಒಂದೇ ಪುಸ್ತಕದ ಐದು ಪ್ರತಿ ಇದ್ದರೆ ರಿಜಿಸ್ಟರಿನಲ್ಲಿ ಐದು ಸಾಲು. ಹಾಗೇ ತುಂಬಿದರೆ ಓಪ್ಯಾಕ್‌ನಲ್ಲಿ ಅದೇ ಪುಸ್ತಕ ಐದು ಸಲ. ಇದನ್ನು ತಡೆಯಲು ಕೊಹಾದಲ್ಲಿ ಮ್ಯಾಚಿಂಗ್ ರೂಲ್, ಅಂದರೆ ಒಂದೇ ಪುಸ್ತಕವೇ ಎಂದು ಹೋಲಿಸುವ ನಿಯಮ ಇದೆ. ‘ಮ್ಯಾಚಿಂಗ್ ರೂಲ್ ಹಾಕಿದ್ದೆ, ಆದರೂ ಡೂಪ್ಲಿಕೇಟ್ ಬಂತು’ ಎನ್ನುವವರು ಒಂದು ವಿಷಯ ಗಮನಿಸಿರುವುದಿಲ್ಲ: ಕೊಹಾ ಹೋಲಿಸಿ ನೋಡುವುದು ಆಗಲೇ ಕ್ಯಾಟಲಾಗ್‌ನಲ್ಲಿರುವ ದಾಖಲೆಗಳ ಜೊತೆ. ಅದೇ ಫೈಲಿನೊಳಗಿನ ಸಾಲುಗಳನ್ನು ಒಂದಕ್ಕೊಂದು ಹೋಲಿಸುವುದಿಲ್ಲ.

ಹಾಗಾಗಿ ಎರಡು ಸುತ್ತು. ಶೀರ್ಷಿಕೆ, ಲೇಖಕ, ಆವೃತ್ತಿ, ವರ್ಷ ನಾಲ್ಕೂ ಒಂದೇ ಇರುವ ಸಾಲುಗಳಿಗೆ ಎಕ್ಸೆಲ್‌ನಲ್ಲೇ ಒಂದು ಗುಂಪು ಸಂಖ್ಯೆ ಕೊಡಿ. ಮೊದಲ ಸುತ್ತಿಗೆ ಪ್ರತಿ ಗುಂಪಿನ ಮೊದಲ ಪ್ರತಿ ಮಾತ್ರ. ಅದು ಒಳಗೆ ಹೋದ ಮೇಲೆ ಕೊಹಾದ ರಿಪೋರ್ಟ್‌ನಿಂದ ಬಾರ್‌ಕೋಡ್ ಮತ್ತು ಬಿಬ್ಲಿಯೋ ಸಂಖ್ಯೆಯ (ಒಂದೊಂದು ಪುಸ್ತಕದ ದಾಖಲೆಗೂ ಕೊಹಾ ಕೊಡುವ ಸಂಖ್ಯೆ) ಪಟ್ಟಿ ತೆಗೆಯಿರಿ. ಎಕ್ಸೆಲ್‌ನ ವಿ-ಲುಕಪ್ ಸೂತ್ರ (ಇನ್ನೊಂದು ಪಟ್ಟಿಯಿಂದ ಹುಡುಕಿ ತರುವುದು) ಹಾಕಿ ಉಳಿದ ಪ್ರತಿಗಳ ಸಾಲಿಗೆ ಅವುಗಳ ಗುಂಪಿನ ಬಿಬ್ಲಿಯೋ ಸಂಖ್ಯೆ ತುಂಬಿ, 999ರ ಸಿಗೆ ಹಾಕಿ. ಎರಡನೇ ಸುತ್ತಿನಲ್ಲಿ 999ರ ಸಿ ನೋಡುವ ಮ್ಯಾಚಿಂಗ್ ರೂಲ್ ಆರಿಸಿ. ಹೊಂದಿಕೆ ಸಿಕ್ಕರೆ ‘ಬರುವ ದಾಖಲೆ ಬಿಡು’, ಪ್ರತಿಗಳಿಗೆ ‘ಯಾವಾಗಲೂ ಸೇರಿಸು’.

ಆಮದು ಮಾಡುವ ಜಾಗ ‘ಸ್ಟೇಜ್ ರೆಕಾರ್ಡ್ಸ್ ಫಾರ್ ಇಂಪೋರ್ಟ್’. ಹೊಸ ಆವೃತ್ತಿಗಳಲ್ಲಿ ಅದು ಕ್ಯಾಟಲಾಗಿಂಗ್ ಅಡಿಯಲ್ಲಿದೆ, ಹಳೆಯದರಲ್ಲಿ ಟೂಲ್ಸ್ ಅಡಿಯಲ್ಲಿ. ಸ್ಟೇಜ್ ಮಾಡಿದರೆ ಒಳಗೆ ಹೋದಂತೆ ಅಲ್ಲ, ಅದು ಬಾಗಿಲಲ್ಲಿ ನಿಲ್ಲಿಸಿದಂತೆ. ‘ಮ್ಯಾನೇಜ್’ಗೆ ಹೋಗಿ ನೋಡಿ, ಆಮೇಲೆ ಇಂಪೋರ್ಟ್ ಒತ್ತಬೇಕು.

ಮೊದಲಿಗೆ 50 ಪುಸ್ತಕ ಹಾಕಿ. ಪ್ರತಿ ಪುಸ್ತಕದ ಪುಟ ತೆರೆದು ಗ್ರಂಥಾಲಯ, ಬಗೆ, ಕಾಲ್ ನಂಬರ್ ಬಂದಿದೆಯಾ ನೋಡಿ. ತಪ್ಪಿದ್ದರೆ ಅದೇ ಪುಟದಲ್ಲಿ ಇಂಪೋರ್ಟ್ ಹಿಂತೆಗೆಯುವ ಗುಂಡಿ ಇದೆ. ಸರಿ ಇದ್ದರೆ ಸಾವಿರ ಎರಡು ಸಾವಿರದ ಕಂತುಗಳಲ್ಲಿ ಮುಂದುವರಿಸಿ. ಇಡೀ ಪಟ್ಟಿಯನ್ನು ಒಂದೇ ಫೈಲಿನಲ್ಲಿ ಕೊಟ್ಟರೆ ಎಲ್ಲಿ ಕೈಕೊಟ್ಟಿತು ಎಂದು ಹುಡುಕುವುದೇ ಕೆಲಸ ಆಗುತ್ತದೆ.

## ಹಂತ 7: ಲೇಖಕರ ಹೆಸರು ಒಂದು ಮಾಡಿ

‘ದ.ರಾ. ಬೇಂದ್ರೆ’, ‘ದ ರಾ ಬೇಂದ್ರೆ’, ‘ಬೇಂದ್ರೆ, ದ. ರಾ.’, ‘ಅಂಬಿಕಾತನಯದತ್ತ’. ಕಪಾಟಿನಲ್ಲಿ ಒಬ್ಬರೇ ಕವಿ, ಪೋರ್ಟಲ್‌ನಲ್ಲಿ ನಾಲ್ಕು ಜನ. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಎಂಬ ಹೆಸರುಗಳದ್ದೂ ಇದೇ ಕತೆ.

ಕೊಹಾದಲ್ಲಿ ಇದಕ್ಕೆ ಅಥಾರಿಟಿ ದಾಖಲೆ ಇದೆ, ಅಂದರೆ ಒಬ್ಬ ಲೇಖಕರ ಹೆಸರಿನ ಎಲ್ಲ ರೂಪಗಳನ್ನು ಒಂದೆಡೆ ಇಡುವ ದಾಖಲೆ. ನೀವು ಒಪ್ಪಿದ ಒಂದು ರೂಪ ಅದರ 100ಕ್ಕೆ, ಉಳಿದ ರೂಪಗಳೆಲ್ಲ 400ಕ್ಕೆ. ಆಮೇಲೆ ಪುಸ್ತಕಗಳನ್ನು ಆ ಅಥಾರಿಟಿಗೆ ಜೋಡಿಸಿ. ಎಲ್ಲ ಲೇಖಕರಿಗೂ ಮಾಡಲು ಹೋಗಬೇಡಿ, ಸುಸ್ತಾಗಿ ಅರ್ಧಕ್ಕೇ ಬಿಡುತ್ತೀರಿ. ನಿಮ್ಮಲ್ಲಿ ಹತ್ತಕ್ಕಿಂತ ಜಾಸ್ತಿ ಪುಸ್ತಕ ಇರುವ ಲೇಖಕರಿಂದ ಶುರು ಮಾಡಿ. ಉಳಿದವರಿಗೆ ಇನಿಷಿಯಲ್ ನಂತರ ಚುಕ್ಕಿ, ಜಾಗ ಹೇಗೆ ಎಂಬ ಒಂದು ನಿಯಮ ಸಾಕು.

## ಹಂತ 8: ವಿದ್ಯಾರ್ಥಿಯ ಫೋನಿನಿಂದಲೇ ಹುಡುಕಿ

ಪರೀಕ್ಷೆಯನ್ನು ಲೈಬ್ರರಿ ಕಂಪ್ಯೂಟರಿನಲ್ಲಿ ಮಾಡಬೇಡಿ, ಅಲ್ಲಿ ನಿಮ್ಮದೇ ಕೀಲಿಮಣೆ, ನಿಮ್ಮದೇ ಅಭ್ಯಾಸ. ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕರೆದು ಕಪಾಟಿನಿಂದ ಪುಸ್ತಕ ತೆಗೆದುಕೊಟ್ಟು, ‘ಇದು ಪೋರ್ಟಲ್‌ನಲ್ಲಿ ಇದೆಯಾ ನೋಡಿ’ ಎನ್ನಿ. ಅವರು ಏನು ಹೊಡೆಯುತ್ತಾರೆ ಎಂದು ಬರೆದುಕೊಳ್ಳಿ. ನೀವು ಬಾಯಿ ಹಾಕಬೇಡಿ.

ಒಂದು ತೊಡಕು ಇಲ್ಲಿ ಎದುರಾಗುತ್ತದೆ. ಆಟೋ ಟ್ರಂಕೇಟ್ ಇದ್ದರೂ ‘ಬೆಂಗಳೂರು’ ಎಂದು ಹುಡುಕಿದರೆ ‘ಬೆಂಗಳೂರಿನ ಕೆರೆಗಳು’ ತರಹದ ಶೀರ್ಷಿಕೆ ಬರುವುದಿಲ್ಲ. ವಿಭಕ್ತಿ ಸೇರಿದಾಗ ಕೊನೆಯ ‘ರು’ ಹೋಗಿ ‘ರಿ’ ಆಗಿದೆ, ಮೊದಲ ಪದ ಅದರೊಳಗೆ ಪೂರ್ತಿ ಇಲ್ಲ. ‘ಬೆಂಗಳೂರ’ ಎಂದಷ್ಟೇ ಹೊಡೆದರೆ ಎರಡೂ ಸಿಗುತ್ತವೆ. ಈ ಉಪಾಯವನ್ನು ಹುಡುಕುವ ಪೆಟ್ಟಿಗೆಯ ಕೆಳಗೆ ಒಂದು ಸಾಲಲ್ಲಿ ಬರೆದುಬಿಡಿ. ಜೊತೆಗೆ 650ರಲ್ಲಿ ವಿಷಯವನ್ನು ವಿಭಕ್ತಿ ಇಲ್ಲದ ಮೂಲರೂಪದಲ್ಲಿ ಕೊಟ್ಟಿದ್ದರೆ ಶೀರ್ಷಿಕೆ ತಪ್ಪಿಸಿಕೊಂಡರೂ ವಿಷಯ ಹಿಡಿಯುತ್ತದೆ.

ಏನೂ ಸಿಗದಿದ್ದಾಗ ಕಾರಣ ಹುಡುಕುವ ಕ್ರಮ ಇದು. ಸಿಬ್ಬಂದಿ ಭಾಗದಲ್ಲಿ ಬಾರ್‌ಕೋಡ್ ಹಾಕಿ ಪುಸ್ತಕ ತೆರೆಯಿರಿ. ತೆರೆದರೆ ದಾಖಲೆ ಇದೆ, ತೊಂದರೆ ಹುಡುಕಾಟದ್ದು. ಶೀರ್ಷಿಕೆಯನ್ನು ಅಲ್ಲಿಂದಲೇ ಕಾಪಿ ಮಾಡಿ ಓಪ್ಯಾಕ್‌ನಲ್ಲಿ ಹಾಕಿ. ಕಾಪಿ ಮಾಡಿದ್ದು ಸಿಕ್ಕು, ಟೈಪ್ ಮಾಡಿದ್ದು ಸಿಗದಿದ್ದರೆ ವೇಷಧಾರಿ ಅಕ್ಷರ ಇರುವ ಸಾಧ್ಯತೆಯೇ ಹೆಚ್ಚು. ಎರಡೂ ಸಿಗದಿದ್ದರೆ ಹಂತ 3ಕ್ಕೆ ವಾಪಸ್.

## ಹಂತ 9: ಈಗ ಮುಖಪುಟ

ಮೇಲೆ ದೊಡ್ಡದಾಗಿ ಹುಡುಕುವ ಪೆಟ್ಟಿಗೆ. ಅದರ ಕೆಳಗೆ ಲೈಬ್ರರಿ ತೆರೆದಿರುವ ವೇಳೆ. ಇವೆರಡರ ಮೇಲೆ ಬೇರೇನೂ ಇರಬಾರದು ಎಂಬುದು ನನ್ನ ಹಟ.

ಕೊಂಡಿಗಳನ್ನು ‘ಎಚ್‌ಟಿಎಂಎಲ್ ಕಸ್ಟಮೈಸೇಷನ್ಸ್’ ಎಂಬಲ್ಲಿ ಹಾಕಬೇಕು. ಯಾವುವು? ಸಂಶೋಧನೆ ಮಾಡುವವರಿಗೆ ಪಿಎಚ್‌ಡಿ ಪ್ರಬಂಧಗಳ ಶೋಧಗಂಗಾ. ಎಲ್ಲರಿಗೂ ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ. ಕಾಲೇಜು ಸದಸ್ಯ ಆಗಿದ್ದರೆ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಕೊಡುವ ಎನ್-ಲಿಸ್ಟ್. ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿಯಿಂದ ಜಾರಿಗೆ ಬಂದ, ಸಂಶೋಧನಾ ಪತ್ರಿಕೆಗಳನ್ನು ಓದಲು ಕೊಡುವ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’. ನಿಮ್ಮ ವಿಶ್ವವಿದ್ಯಾಲಯಕ್ಕೆ ಸ್ವಂತ ಪ್ರಬಂಧ ಭಂಡಾರ ಇದ್ದರೆ ಅದೂ ಇರಲಿ. ಮೈಸೂರು ವಿಶ್ವವಿದ್ಯಾಲಯದ ಇ-ಪ್ರಿಂಟ್ಸ್ ಅಂಥದ್ದು.

ಪ್ರತಿ ಕೊಂಡಿಯ ಪಕ್ಕದಲ್ಲಿ ‘ಲಾಗಿನ್ ಬೇಕು’ ಅಥವಾ ‘ಎಲ್ಲರಿಗೂ ಮುಕ್ತ’ ಎಂದು ಬರೆಯಿರಿ. ಎನ್-ಲಿಸ್ಟ್‌ಗೆ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಬೇಕು, ಅದನ್ನು ಮಾಡಿಸಿಕೊಡುವುದು ಕಾಲೇಜು. ಇದು ಗೊತ್ತಿಲ್ಲದೆ ವಿದ್ಯಾರ್ಥಿಗಳು ಲೈಬ್ರರಿ ಕಾರ್ಡಿನ ಪಾಸ್‌ವರ್ಡ್ ಹಾಕಿ ಹಾಕಿ ಸೋಲುತ್ತಾರೆ. ಕೇಳಬೇಕಾದವರ ಕೌಂಟರ್ ಯಾವುದು ಎಂದೂ ಅಲ್ಲೇ ತಿಳಿಸಿ. ಕಾಸು ಕೊಟ್ಟು ಓದಬೇಕಾದ ಪುಸ್ತಕಗಳ ಕದ್ದ ಪಿಡಿಎಫ್ ಕೊಂಡಿ ಹಾಕುವ ಆಸೆ ಬೇಡ.

## ಹಂತ 10: ಬಾಗಿಲು ತೆರೆಯುವ ಮುನ್ನ

ಸಿಬ್ಬಂದಿ ಭಾಗ ಹೊರಗಿನ ಜಗತ್ತಿಗೆ ಕಾಣಬಾರದು. ನಿಮ್ಮ ಮನೆಯಿಂದ, ಮೊಬೈಲ್ ಡೇಟಾದಲ್ಲಿ ಅದರ ವಿಳಾಸ ಹಾಕಿ ನೋಡಿ. ತೆರೆದರೆ ಇವತ್ತೇ ಮುಚ್ಚಿಸಿ. ಇನ್‌ಸ್ಟಾಲ್ ಸಮಯದ ಡೇಟಾಬೇಸ್ ಲಾಗಿನ್‌ನಲ್ಲಿ ದಿನದ ಕೆಲಸ ಮಾಡಬೇಡಿ. ಪ್ರತಿ ಸಿಬ್ಬಂದಿಗೂ ಬೇರೆ ಖಾತೆ ಇರಲಿ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ. ವಿದ್ಯಾರ್ಥಿಗಳ ಪಾಸ್‌ವರ್ಡ್ ಆಗಿ ರಿಜಿಸ್ಟರ್ ನಂಬರನ್ನೇ ಇಟ್ಟರೆ ಪಕ್ಕದ ಬೆಂಚಿನವರು ಅದನ್ನು ಊಹಿಸುತ್ತಾರೆ.

ಪಾಸ್‌ವರ್ಡ್ ನಡುವೆ ಯಾರೂ ಕದಿಯದಂತೆ ಕಾಯುವ ಸುರಕ್ಷಿತ ಸಂಪರ್ಕ, ಎಚ್‌ಟಿಟಿಪಿಎಸ್, ಇರಲೇಬೇಕು. ಲೆಟ್ಸ್ ಎನ್‌ಕ್ರಿಪ್ಟ್‌ನ ಪ್ರಮಾಣಪತ್ರ ಉಚಿತ, ಆದರೆ ಬಾಳಿಕೆ ಕಡಿಮೆ. ತಾನಾಗೇ ನವೀಕರಣ ಆಗುವ ವ್ಯವಸ್ಥೆ ಮಾಡಿಸಿ. ಒಂದು ದಿನ ಇದ್ದಕ್ಕಿದ್ದಂತೆ ಬ್ರೌಸರ್ ‘ಈ ತಾಣ ಸುರಕ್ಷಿತವಲ್ಲ’ ಎಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಬ್ಯಾಕಪ್ ಬಗ್ಗೆ ಒಂದು ತಪ್ಪು ಧೈರ್ಯ ಎಲ್ಲರಿಗೂ ಇದೆ: ‘ಕೊಹಾ ತಾನೇ ದಿನಾ ಬ್ಯಾಕಪ್ ಮಾಡುತ್ತೆ.’ ಮಾಡುತ್ತದೆ, ನಿಜ. ಡೆಬಿಯನ್ ಪ್ಯಾಕೇಜ್‌ನಲ್ಲಿ ಮೂಲತಃ ಎರಡೇ ದಿನದ ಪ್ರತಿ ಉಳಿಯುತ್ತದೆ, ಅದೂ ಅದೇ ಯಂತ್ರದೊಳಗೆ. ಡಿಸ್ಕ್ ಸುಟ್ಟರೆ ಬ್ಯಾಕಪ್ಪೂ ಸುಟ್ಟಂತೆ. ಶುಕ್ರವಾರ ಸಂಜೆ ಆದ ಎಡವಟ್ಟು ಸೋಮವಾರ ಗೊತ್ತಾದರೆ ಒಳ್ಳೆಯ ಪ್ರತಿ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಉಳಿಸುವ ದಿನಗಳನ್ನು ಹೆಚ್ಚಿಸಿ, ದಿನಾ ರಾತ್ರಿ ಬೇರೆ ಯಂತ್ರಕ್ಕೆ ನಕಲು ಹೋಗುವಂತೆ ಮಾಡಿಸಿ.

ಮತ್ತೆ, ತೆರೆದು ನೋಡದ ಬ್ಯಾಕಪ್ ನಂಬಬೇಡಿ. ಉದ್ಘಾಟನೆಗೆ ಮುಂಚೆ ಒಂದು ಖಾಲಿ ಕಂಪ್ಯೂಟರಿನಲ್ಲಿ ಆ ಪ್ರತಿಯಿಂದ ಪೋರ್ಟಲ್ ಎಬ್ಬಿಸಿ, ರೀಇಂಡೆಕ್ಸ್ ಮಾಡಿ, ಹಂತ 3ರ ಆ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ಹುಡುಕಿ. ಹೊಸ ಯಂತ್ರದಲ್ಲಿ ಐಸಿಯು ಬದಲಾವಣೆ ಮತ್ತೆ ಮಾಡಬೇಕಾಗಬಹುದು. ಯಾವ ಕಡತದ ಯಾವ ಸಾಲು ತಿದ್ದಿದ್ದೀರಿ ಎಂಬುದನ್ನು ಅಕ್ಸೆಷನ್ ರಿಜಿಸ್ಟರಿನ ಕೊನೆಯ ಹಾಳೆಯಲ್ಲೇ ಬರೆದಿಡಿ. ಕೊಹಾ ಆವೃತ್ತಿ ಏರಿಸಿದಾಗಲೂ ಅದೇ ಹಾಳೆ ನೋಡಿ, ಅದೇ ಹತ್ತು ಪುಸ್ತಕ ಹುಡುಕಿ.